ಮೊದಲ ಅಲ್ಟ್ರಾ ಓಟ: ಕೊಡಗಿನಲ್ಲಿದ್ದು ತಯಾರಾಗುವವರು ಯಾವ ಓಟ, ಯಾವ ತಿಂಗಳು, ಯಾವ ಗುರಿ ಆರಿಸಬೇಕು?

ಮ್ಯಾರಥಾನ್‌ನ 42.195 ಕಿಲೋಮೀಟರ್ ಮೀರಿದ ಯಾವ ಓಟವಾದರೂ ಅಲ್ಟ್ರಾವೇ. ಹಾಗಾಗಿ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಇದ್ದುಕೊಂಡು 'ಮುಂದಿನ ವರ್ಷದೊಳಗೆ ಒಂದು ಅಲ್ಟ್ರಾ ಓಡಲೇಬೇಕು' ಎಂದು ಹೊರಟವರ ಮುಂದೆ ಒಂದಕ್ಕೊಂದು ಹೋಲಿಕೆಯೇ ಇಲ್ಲದ ನಾಲ್ಕು ಬಗೆಯ ಓಟಗಳಿವೆ: ಡಾಂಬರು ರಸ್ತೆಯ 50 ಕಿ.ಮೀ., ತೋಟ-ಗುಡ್ಡಗಳ ಮಣ್ಣುದಾರಿಯ 50 ಕಿ.ಮೀ., ಕ್ರೀಡಾಂಗಣವನ್ನು ಸುತ್ತುವ 12 ಗಂಟೆಯ ಓಟ, 80 ಕಿ.ಮೀ. ಮತ್ತು ಅದಕ್ಕೂ ಉದ್ದದವು. ಹೆಚ್ಚಿನವರು ಕಿಲೋಮೀಟರ್ ನೋಡಿ ಆರಿಸುತ್ತಾರೆ, ಅಲ್ಲಿಂದಲೇ ಲೆಕ್ಕ ತಪ್ಪುತ್ತದೆ. ನೋಡಬೇಕಾದ್ದು ಎರಡು ಅಂಕಿ: ಕಾಲು ಒಟ್ಟು ಎಷ್ಟು ಗಂಟೆ ದುಡಿಯಬೇಕು, ಒಟ್ಟು ಎಷ್ಟು ಮೀಟರ್ ಇಳಿಯಬೇಕು.

ಮೊದಲು ಗಂಟೆಯ ಲೆಕ್ಕ

ಗುಡ್ಡದ ಓಟದ ಶ್ರಮ ಅಳೆಯಲು ಒಂದು ಸುಲಭ ಲೆಕ್ಕ ಚಾಲ್ತಿಯಲ್ಲಿದೆ. ಪ್ರತಿ 100 ಮೀಟರ್ ಏರನ್ನು ಒಂದು ಹೆಚ್ಚುವರಿ ಕಿಲೋಮೀಟರ್ ಎಂದು ದೂರಕ್ಕೆ ಕೂಡಿಸುವುದು. 50 ಕಿ.ಮೀ. ಓಟದಲ್ಲಿ ಒಟ್ಟು 1800 ಮೀಟರ್ ಏರಿದ್ದರೆ ಅದು ಸಮತಟ್ಟಿನ 68 ಕಿ.ಮೀ.ಗೆ ಸಮ ಎಂದು ಹಿಡಿಯಬಹುದು.

ನೀವು ಮ್ಯಾರಥಾನನ್ನು 5 ಗಂಟೆಯಲ್ಲಿ ಮುಗಿಸುವವರು ಎಂದಿಟ್ಟುಕೊಳ್ಳಿ. ಅಂದರೆ ಕಿಲೋಮೀಟರಿಗೆ ಸುಮಾರು 7 ನಿಮಿಷ. ಸಮತಟ್ಟು ರಸ್ತೆಯ 50 ಕಿ.ಮೀ.ಗೆ ನಿಮಗೆ 6 ಗಂಟೆ ಬೇಕು; ಮೊದಲ ಸಲ ಎಂದು ಇನ್ನೊಂದು ಕಾಲು ಗಂಟೆ ಸೇರಿಸಿ. ಅದೇ ಕಾಲುಗಳು 1800 ಮೀಟರ್ ಏರಿನ ಮಣ್ಣುದಾರಿಯಲ್ಲಿ 68 ಕಿ.ಮೀ.ಯನ್ನು ಏಳೂವರೆ ನಿಮಿಷದ ಲೆಕ್ಕದಲ್ಲಿ ಮುಗಿಸಲು 8 ಗಂಟೆ 30 ನಿಮಿಷ ಹಿಡಿಯುತ್ತದೆ. ನೀರು ತುಂಬಿಸಿಕೊಳ್ಳಲು, ಶೂ ಬಿಚ್ಚಿ ಕಲ್ಲು ಕೊಡವಲು, ತಿನ್ನಲು ನಿಂತದ್ದೆಲ್ಲ ಸೇರಿದರೆ 9 ಗಂಟೆ ದಾಟುತ್ತದೆ. ಎರಡಕ್ಕೂ ಹೆಸರು '50ಕೆ'. ನಡುವೆ ಇರುವ ಅಂತರ ಮಾತ್ರ ಮೂರು ಗಂಟೆ.

ಈ ಲೆಕ್ಕಕ್ಕೊಂದು ಕೊರತೆಯಿದೆ. ಅದು ಇಳಿಜಾರನ್ನು ಪುಕ್ಕಟೆ ಎಂದು ಬಿಟ್ಟುಬಿಡುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಯಾವ ಬಗೆ ಯಾರಿಗೆ

ರಸ್ತೆಯ 50 ಕಿ.ಮೀ. ಮ್ಯಾರಥಾನ್ ಓಡಿದವರಿಗೆ ಹತ್ತಿರದ ಮೆಟ್ಟಿಲು. ತರಬೇತಿ ಹೆಚ್ಚು ಬದಲಾಗುವುದಿಲ್ಲ, ಸಮಯದ ಗುರಿ ಇಟ್ಟುಕೊಳ್ಳಲೂ ಬರುತ್ತದೆ. ಆದರೆ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯಂತೆಯೇ ಬೀಳುವುದರಿಂದ ಮೊದಲೇ ಇರುವ ಮಂಡಿ ನೋವು, ಹಿಮ್ಮಡಿ ನೋವು 35 ಕಿ.ಮೀ. ಆದ ಮೇಲೆ ಎದ್ದು ಕೂರುತ್ತದೆ. ಕೊಡಗಿನವರಿಗೆ ಇನ್ನೊಂದು ತೊಡಕು ಇದೆ. ಇಂಥ ಓಟಗಳು ಬಯಲುಸೀಮೆಯಲ್ಲೋ ಕರಾವಳಿಯಲ್ಲೋ ನಡೆಯುವುದೇ ಹೆಚ್ಚು, ನಮ್ಮ ಮೈಗೆ ಆ ಸೆಕೆ ಒಗ್ಗಿರುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಓಡಿದರೆ ರಕ್ತಕ್ಕೆ ಬಲ ಬರುತ್ತದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಎತ್ತರದ ತರಬೇತಿಯ ಲಾಭ ಗಣನೆಗೆ ಬರುವುದು 2000 ಮೀಟರ್ ಮೀರಿದ ಮೇಲೆ. ಮಡಿಕೇರಿ ಕೊಡುವುದು ಏರಿಳಿತ ಮತ್ತು ತಂಪು ಮಾತ್ರ, ಆ ತಂಪು ಮಂಗಳೂರಿನ ಓಟಕ್ಕೆ ಕೆಲಸಕ್ಕೆ ಬರುವುದಿಲ್ಲ. ಸೆಕೆಯ ಊರಿನ ಓಟವಾದರೆ ಅದಕ್ಕೂ ಮುನ್ನ 10ರಿಂದ 14 ದಿನ ಕುಶಾಲನಗರದ ಕಡೆ ಬಿಸಿಲೇರಿದ ಹೊತ್ತಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನಿಧಾನವಾಗಿ ಓಡಿ ಮೈಯನ್ನು ಒಗ್ಗಿಸಿಕೊಳ್ಳಬೇಕು.

12 ಗಂಟೆಯ ಸುತ್ತಿನ ಓಟವನ್ನು ಜನ ಹಗುರವಾಗಿ ಕಾಣುತ್ತಾರೆ. ಮೊದಲ ಅಲ್ಟ್ರಾಕ್ಕೆ ಅದರಷ್ಟು ಕ್ಷಮಿಸುವ ಓಟ ಬೇರೆ ಇಲ್ಲ. ಕಟ್-ಆಫ್ (ಇಷ್ಟು ಹೊತ್ತಿನೊಳಗೆ ತಲುಪದಿದ್ದರೆ ಓಟದಿಂದ ಹೊರಗೆ ಎಂಬ ಗಡುವು) ಇಲ್ಲ, ಗಂಟೆ ಮುಗಿದಾಗ ಎಷ್ಟು ದೂರವಾಗಿದೆಯೋ ಅದೇ ನಿಮ್ಮ ಫಲಿತಾಂಶ. 400 ಮೀಟರ್ ಸುತ್ತಿನಲ್ಲಿ 125 ಸುತ್ತಿಗೆ 50 ಕಿ.ಮೀ. ಆಗುತ್ತದೆ. ನಿಂತು ಕೂತು ನಡೆದು ಓಡುವ ಸಾಧಾರಣ ಓಟಗಾರರೂ 12 ಗಂಟೆಯಲ್ಲಿ 60 ಕಿ.ಮೀ. ಸುತ್ತಮುತ್ತ ತಲುಪಬಹುದು. ಊಟ, ನೀರು, ಬದಲಿ ಶೂ ಎಲ್ಲವೂ ಎರಡು-ಮೂರು ನಿಮಿಷಕ್ಕೊಮ್ಮೆ ಕೈಗೆ ಸಿಗುತ್ತದೆ. ಸಮಸ್ಯೆ ಎರಡು. ಒಂದೇ ದಿಕ್ಕಿಗೆ ತಿರುಗಿ ತಿರುಗಿ ಒಳಗಿನ ಪಾದದ ಕೀಲು, ಸೊಂಟದ ಪಕ್ಕ ನೋಯುತ್ತವೆ (ಒಳ್ಳೆಯ ಸಂಘಟಕರು ಕೆಲವು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತಾರೆ). ಇನ್ನೊಂದು, ಕುರ್ಚಿ ಸದಾ ಕಣ್ಣೆದುರೇ ಇರುವುದು. ಕೂತರೆ ಹತ್ತು ನಿಮಿಷಕ್ಕೇ ಎದ್ದುಬಿಡುವೆ ಎಂದು ಕೂತವರು ಅರ್ಧ ಗಂಟೆ ಕೂರುತ್ತಾರೆ.

ಮಣ್ಣುದಾರಿಯ 50 ಕಿ.ಮೀ. ಕೊಡಗಿನವರಿಗೆ ಸಹಜವಾಗಿ ಒಪ್ಪುವ ಆಯ್ಕೆ. ಬೇರೆ ಊರಿನವರು ಫ್ಲೈಓವರ್ ಹತ್ತಿಳಿದು ಮಾಡುವ ತಯಾರಿ ಇಲ್ಲಿ ಮನೆಯ ಗೇಟಿನಿಂದಲೇ ಶುರುವಾಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟಗಳ ನೆಲ, ಹವೆ, ನೆರಳು ಎಲ್ಲವೂ ಇಲ್ಲಿಯವರಿಗೆ ಪರಿಚಿತ. ಇಲ್ಲಿ ಸಮಯದ ಗುರಿ ಇಡುವುದರಲ್ಲಿ ಅರ್ಥವಿಲ್ಲ. ಹಿಂದಿನ ರಾತ್ರಿ ಒಂದು ಮಳೆ ಬಿದ್ದರೆ ಸಾಕು, ಅರ್ಧ-ಮುಕ್ಕಾಲು ಗಂಟೆ ಕೆಸರಿನ ಪಾಲಾಗುತ್ತದೆ.

80 ಕಿ.ಮೀ. ಅಥವಾ 100 ಕಿ.ಮೀ. ಮೊದಲ ಸಲಕ್ಕೆ ಬೇಡ. ಬಹುಪಾಲು ಜನರಿಗೆ ಅದು ರಾತ್ರಿಯೊಳಗೆ ಹೊಕ್ಕುವ ಓಟ. ತಲೆದೀಪದಲ್ಲಿ ಓಡುವುದು, ನಿದ್ದೆಗಣ್ಣು, ಹೊಟ್ಟೆ ಮುಷ್ಕರ, ಇವೆಲ್ಲ ಬೇರೆ ಬೇರೆ ಕಲಿಯಬೇಕಾದ ವಿದ್ಯೆಗಳು.

ಹಣ ಕಟ್ಟುವ ಮುನ್ನ ಸಂಘಟಕರನ್ನು ಕೇಳಿ: ಒಟ್ಟು ಏರು-ಇಳಿವು ಎಷ್ಟು ಮೀಟರ್? ನಡುವಿನ ಕಟ್-ಆಫ್‌ಗಳು ಯಾವ ಕಿಲೋಮೀಟರಿನಲ್ಲಿ, ಎಷ್ಟು ಗಂಟೆಗೆ? ಏಡ್ ಸ್ಟೇಷನ್‌ಗಳ (ದಾರಿಯಲ್ಲಿ ನೀರು-ತಿಂಡಿ ಕೊಡುವ ತಾಣಗಳ) ನಡುವಿನ ಅತಿ ದೊಡ್ಡ ಅಂತರ ಎಷ್ಟು, ಅಲ್ಲಿ ತಿನ್ನಲು ಏನಿರುತ್ತದೆ? ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದೆಯೇ? ಕೊನೆಯ ಓಟಗಾರನ ಹಿಂದೆ ಯಾರು ಬರುತ್ತಾರೆ? ಒಟ್ಟು ಏರು ಗೊತ್ತಿಲ್ಲ ಎನ್ನುವ ಸಂಘಟಕರ ಓಟಕ್ಕೆ ಮೊದಲ ಸಲ ಹೋಗಬೇಡಿ.

ತಿಂಗಳು ಆರಿಸುವುದು ಓಟ ಆರಿಸುವುದಕ್ಕಿಂತ ಮುಖ್ಯ

ಮೊದಲ ಅಲ್ಟ್ರಾಕ್ಕೆ 24 ವಾರ ಬೇಕು. ಅದೂ ಈಗಾಗಲೇ ವಾರಕ್ಕೆ ನಾಲ್ಕು ದಿನ, 35ರಿಂದ 40 ಕಿ.ಮೀ., ಮೂರು ತಿಂಗಳಿನಿಂದ ತಪ್ಪದೆ ಓಡುತ್ತಿರುವವರಿಗೆ. ಆ ಬುನಾದಿ ಇಲ್ಲದವರು ಇನ್ನೂ 12 ವಾರ ಸೇರಿಸಿಕೊಳ್ಳಬೇಕು. ಈ 24 ವಾರ ಕೊಡಗಿನ ಯಾವ ಋತುವಿನಲ್ಲಿ ಬೀಳುತ್ತದೆ ಎಂಬುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ.

ನವೆಂಬರ್ ಓಟ ಆರಿಸಿದರೆ ತರಬೇತಿ ಶುರುವಾಗುವುದು ಮೇ ಕೊನೆಗೆ. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಪೂರ್ತಿ ನಿಮ್ಮ ತಲೆಯ ಮೇಲೆ. ಕೆಸರು ಕಲಿಸುವ ಪಾಠ ಬೇರೆಲ್ಲೂ ಸಿಗದು, ನಿಜ. ಆದರೆ ಒದ್ದೆ ಶೂನಲ್ಲಿ ಮೂರು ಗಂಟೆ ಓಡಿದ ಪಾದ ಮೆತ್ತಗಾಗಿ ಸಿಪ್ಪೆ ಏಳುತ್ತದೆ, ಬೆರಳ ಸಂದಿ ಕೊಳೆತು ಹುಣ್ಣಾಗುತ್ತದೆ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಲೇಬೇಡಿ, ಇಲಿಜ್ವರ ಬರುವುದು ಆ ದಾರಿಯಲ್ಲೇ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿಯವರಿಗೆ ನೆನಪಿಸಬೇಕಿಲ್ಲ. ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟ ದಿನ ಬೆಟ್ಟದ ರಸ್ತೆಗೆ ಹೋಗಬಾರದು. ಆ ದಿನದ ಓಟವನ್ನು ಕುಶಾಲನಗರದ ಕಡೆಗೆ ಒಯ್ಯಿರಿ, ಇಲ್ಲವೇ ಮನೆಯ ಮೆಟ್ಟಿಲಲ್ಲಿ 40 ನಿಮಿಷ ಹತ್ತಿಳಿಯಿರಿ. ಮಳೆಗಾಲದಲ್ಲಿ ಎರಡು ಜೊತೆ ಶೂ ಇರಲೇಬೇಕು. ಒದ್ದೆಯಾದದ್ದರ ಇನ್‌ಸೋಲ್ ತೆಗೆದು, ಒಳಗೆ ಹಳೆಯ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿದರೆ ಮರುದಿನಕ್ಕೆ ಆರುತ್ತದೆ. ಒಲೆಯ ಪಕ್ಕ ಇಟ್ಟರೆ ಅಂಟು ಬಿಟ್ಟು ಅಟ್ಟೆ ಕೈಗೆ ಬರುತ್ತದೆ.

ಫೆಬ್ರವರಿ ಓಟವಾದರೆ ಶುರು ಆಗಸ್ಟ್ ಕೊನೆಗೆ. ಉದ್ದದ ಓಟಗಳೆಲ್ಲ ನವೆಂಬರ್‌ನಿಂದ ಜನವರಿಯ ಒಣ ಚಳಿಯಲ್ಲಿ ಬೀಳುತ್ತವೆ. ಮೈಗೆ ಹಿತ. ಆದರೆ ಅದೇ ಹೊತ್ತಿಗೆ ತೋಟದಲ್ಲಿ ಕಾಫಿ ಕುಯ್ಲು. ಮೊದಲು ಅರೇಬಿಕಾ, ಹಿಂದೆಯೇ ರೋಬಸ್ಟಾ. ಕಣದಲ್ಲಿ, ತೋಟದಲ್ಲಿ ಇಡೀ ದಿನ ನಿಂತು ಓಡಾಡಿದವರು ಸಂಜೆ 'ಇವತ್ತು ಏನೂ ಮಾಡಿಲ್ಲ' ಎಂದು ಓಡಲು ಹೊರಟರೆ ಎರಡು ವಾರದಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ತೋಟದ ಏರಿಳಿತದಲ್ಲಿ ಐದಾರು ಗಂಟೆ ಓಡಾಡಿದ ದಿನವನ್ನು ಒಂದು ಗಂಟೆಯ ಸಲೀಸು ಓಟ ಎಂದೇ ಲೆಕ್ಕಕ್ಕೆ ಹಿಡಿಯಿರಿ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ದಿನಗಳಲ್ಲಿ ಭಾಗಮಂಡಲ-ತಲಕಾವೇರಿ ರಸ್ತೆಯಲ್ಲಿ ಓಟದ ಮಾತೇ ಇಲ್ಲ. ಪುತ್ತರಿ (ಸುಗ್ಗಿ ಹಬ್ಬ) ವಾರವನ್ನು ಮೊದಲೇ ವಿಶ್ರಾಂತಿ ವಾರವಾಗಿ ಬರೆದಿಟ್ಟುಕೊಂಡರೆ ಮನೆಯವರೊಡನೆ ಜಗಳವೂ ತಪ್ಪುತ್ತದೆ.

ಕುಯ್ಲಿನ ಹೊಣೆ ಇಲ್ಲದವರಿಗೆ ಫೆಬ್ರವರಿ. ತೋಟದ ಕೆಲಸ ಇರುವವರಿಗೆ, ಜಿಗಣೆ ಕೆಸರಿಗೆ ಹೇಸದಿದ್ದರೆ, ನವೆಂಬರ್. ನಮ್ಮ ಲೆಕ್ಕ ಇಷ್ಟೇ. ಏಪ್ರಿಲ್-ಮೇ ಓಟ ಮೊದಲ ಸಲಕ್ಕೆ ಯಾರಿಗೂ ಬೇಡ.

ಮುಗಿಸುವ ಗುರಿಯೋ, ಸಮಯದ ಗುರಿಯೋ

ರಸ್ತೆ ಓಟದಲ್ಲಿ ಸಮಯದ ಗುರಿ ಇಡಬಹುದು, ಆದರೆ ಮೂರು ಹಂತದಲ್ಲಿ. ಎಲ್ಲವೂ ಕೈಗೂಡಿದರೆ 6 ಗಂಟೆ 15 ನಿಮಿಷ, ಸಾಧಾರಣ ದಿನವಾದರೆ 6 ಗಂಟೆ 45, ಕೆಟ್ಟ ದಿನವಾದರೆ ಕಟ್-ಆಫ್‌ನೊಳಗೆ ಮುಕ್ತಾಯ, ಹೀಗೆ. ಒಂದೇ ಅಂಕಿ ಇಟ್ಟುಕೊಂಡವರು 30ನೇ ಕಿಲೋಮೀಟರಿನಲ್ಲಿ ಅದು ಕೈತಪ್ಪಿತೆಂದು ಗೊತ್ತಾದ ಕೂಡಲೇ ಓಟವನ್ನೇ ಬಿಡುತ್ತಾರೆ, ಕಾಲು ಇನ್ನೂ ಗಟ್ಟಿಯಿದ್ದರೂ.

ಗುಡ್ಡದ ಓಟಕ್ಕೆ ಗುರಿ ಒಂದೇ: ಕಟ್-ಆಫ್‌ಗಿಂತ ಒಂದು ಗಂಟೆ ಮೊದಲು, ನಡೆದಾಡುವ ಸ್ಥಿತಿಯಲ್ಲಿ ಮುಗಿಸುವುದು. ಮೇಲಿನ ಗಂಟೆಯ ಲೆಕ್ಕ ಮಾಡಿ ನೋಡಿದಾಗ ಆ ಒಂದು ಗಂಟೆ ಉಳಿಯದಿದ್ದರೆ ಓಟ ಬದಲಿಸಿ. ಗುರಿಯನ್ನು ಗಂಟೆಯಲ್ಲಿ ಹೇಳಿಕೊಳ್ಳುವುದಕ್ಕಿಂತ ನಡವಳಿಕೆಯಲ್ಲಿ ಹೇಳಿಕೊಳ್ಳುವುದು ಹೆಚ್ಚು ಕೆಲಸ ಮಾಡುತ್ತದೆ: ಮೊದಲ 15 ಕಿ.ಮೀ. ಮಾತಾಡಿಕೊಂಡು ಓಡುವ ವೇಗದಲ್ಲೇ, ಎಲ್ಲ ಕಡಿದಾದ ಏರುಗಳಲ್ಲೂ ಮೊದಲಿನಿಂದಲೇ ನಡಿಗೆ, 30 ನಿಮಿಷಕ್ಕೊಮ್ಮೆ ಬಾಯಿಗೆ ಏನಾದರೂ, ಏಡ್ ಸ್ಟೇಷನ್‌ನಲ್ಲಿ 4 ನಿಮಿಷಕ್ಕಿಂತ ಹೆಚ್ಚಿಲ್ಲ.

ನಡೆಯುವುದು ಸೋಲು ಎನ್ನುವವರಿಗೆ ಒಂದು ಮಾತು. ಏರಿನಲ್ಲಿ ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ಓಡುವುದರಿಂದ ಸಿಗುವ ಲಾಭ ನಿಮಿಷಕ್ಕೆ ಹತ್ತಿಪ್ಪತ್ತು ಹೆಜ್ಜೆ ಮಾತ್ರ. ಅದಕ್ಕೆ ತೆರುವುದು ಕೊನೆಯ 15 ಕಿ.ಮೀ. ಬಿರುಸು ನಡಿಗೆಯೂ ತರಬೇತಿ ಬೇಡುತ್ತದೆ. ವಾರಕ್ಕೊಮ್ಮೆ 30 ನಿಮಿಷ ಏರಿನಲ್ಲಿ, ಕೈಯನ್ನು ತೊಡೆಗೆ ಊರಿ, ಚಿಕ್ಕ ಹೆಜ್ಜೆಯಲ್ಲಿ ನಡೆದು ಅಭ್ಯಾಸ ಮಾಡಿ.

ಒಂದೇ ಉದ್ದ ಓಟವೋ, ಎರಡು ದಿನದ ಜೋಡಿಯೋ

ತರಬೇತಿಯನ್ನು ಕಿಲೋಮೀಟರಿನಲ್ಲಿ ಬರೆದುಕೊಳ್ಳುವುದು ಸಮತಟ್ಟು ಊರಿನವರಿಗೆ ಸರಿ. ಕೊಡಗಿನಲ್ಲಿ ನಿಮಿಷದಲ್ಲಿ ಬರೆಯಿರಿ. ಕಕ್ಕಬ್ಬೆ ಕಡೆಯ 10 ಕಿ.ಮೀ.ಗೂ ಕುಶಾಲನಗರದ 10 ಕಿ.ಮೀ.ಗೂ ಅರ್ಧ ಗಂಟೆಯ ವ್ಯತ್ಯಾಸ ಬಂದರೆ ಅಚ್ಚರಿಯಿಲ್ಲ.

ರಸ್ತೆಯ 50 ಕಿ.ಮೀ.ಗೆ ಒಂದೇ ಉದ್ದ ಓಟ ಸಾಕು. ಎರಡೂವರೆ ಗಂಟೆಯಿಂದ ಶುರುಮಾಡಿ 20ನೇ ವಾರದ ಹೊತ್ತಿಗೆ ನಾಲ್ಕೂವರೆ ಗಂಟೆ, ಅಥವಾ 32ರಿಂದ 35 ಕಿ.ಮೀ. ಅದಕ್ಕಿಂತ ಉದ್ದ ಓಡಿದರೆ ಚೇತರಿಕೆಗೆ ಇಡೀ ವಾರ ಹೋಗುತ್ತದೆ, ಗಳಿಕೆ ಅಷ್ಟಿರುವುದಿಲ್ಲ.

ಗುಡ್ಡದ 50 ಕಿ.ಮೀ.ಗೆ ಜೋಡಿ ಓಟ ಮೇಲು. ಶನಿವಾರ ಮೂರೂವರೆಯಿಂದ ನಾಲ್ಕೂವರೆ ಗಂಟೆ, ಭಾನುವಾರ ಅದೇ ದಣಿದ ಕಾಲಲ್ಲಿ ಎರಡು ಗಂಟೆ. ಓಟದ ಕೊನೆಯ ಮೂರು ಗಂಟೆ ಹೇಗಿರುತ್ತದೆ ಎಂಬುದನ್ನು ಮುರಿದುಕೊಳ್ಳದೆ ತಿಳಿಯಲು ಇರುವ ದಾರಿ ಇದು. ಎಲ್ಲ ವಾರವೂ ಜೋಡಿ ಬೇಡ. ಮೂರು ವಾರಕ್ಕೊಮ್ಮೆ ಸಾಕು, ಒಟ್ಟು ನಾಲ್ಕೈದು ಜೋಡಿಗಳಾದರೆ ಹೆಚ್ಚಾಯಿತು. ಭಾನುವಾರ ರಜೆ ಸಿಗದ ಅಂಗಡಿ, ಹೋಂಸ್ಟೇ ನಡೆಸುವವರು ಮಂಗಳ-ಬುಧ ಮಾಡಿಕೊಳ್ಳಲಿ, ಕಾಲಿಗೆ ವಾರದ ಹೆಸರು ಗೊತ್ತಿಲ್ಲ.

12 ಗಂಟೆಯ ಓಟಕ್ಕೆ ಬೇಕಾದ್ದು ಬೇರೆ. ಒಂದೆರಡು ಸಲ 5ರಿಂದ 6 ಗಂಟೆಯ ಅಭ್ಯಾಸ, ಚಿಕ್ಕ ಸುತ್ತಿನಲ್ಲಿ, 20 ನಿಮಿಷ ಓಟ 5 ನಿಮಿಷ ನಡಿಗೆ. ಈ ಕ್ರಮವನ್ನು ಕಾಲು ಚೆನ್ನಾಗಿರುವಾಗಿನಿಂದಲೇ ಪಾಲಿಸಬೇಕು. ದಣಿದ ಮೇಲೆ ನಡೆಯುವುದು ಯೋಜನೆಯಲ್ಲ, ಅನಿವಾರ್ಯ.

ಉಳಿದ ದಿನಗಳು ಹೀಗಿದ್ದರೆ ಸಾಕು: ವಾರದ ನಡುವೆ 60 ನಿಮಿಷದ ಎರಡು ಸಲೀಸು ಓಟ, ಅವುಗಳಲ್ಲೊಂದರ ಒಳಗೆ ಮೂರು ನಿಮಿಷದ ಏರು ಆರರಿಂದ ಎಂಟು ಬಾರಿ, ಇಳಿಯುವಾಗ ನಿಧಾನ. ವಾರಕ್ಕೆರಡು ಸಲ 20 ನಿಮಿಷ ಬಲದ ಅಭ್ಯಾಸ: ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸಲ, ಮೊಣಕಾಲೆತ್ತರದ ಮೆಟ್ಟಿಲಿನಿಂದ ನಿಧಾನವಾಗಿ ಒಂಟಿ ಕಾಲಲ್ಲಿ ಇಳಿಯುವುದು 10ರಂತೆ ಮೂರು ಸಲ. ಪ್ರತಿ ನಾಲ್ಕನೇ ವಾರ ಒಟ್ಟು ಸಮಯವನ್ನು ಮೂರನೇ ಒಂದು ಪಾಲು ಇಳಿಸಿ. ಕೊನೆಯ ದೊಡ್ಡ ಓಟ ಸ್ಪರ್ಧೆಗೆ ಮೂರು ವಾರ ಮುಂಚೆ. ಆಮೇಲೆ ಎಷ್ಟು ಓಡಿದರೂ ಫಿಟ್‌ನೆಸ್ ಏರುವುದಿಲ್ಲ, ದಣಿವು ಮಾತ್ರ ಉಳಿಯುತ್ತದೆ.

40 ದಾಟಿದವರು, ಬಿ.ಪಿ., ಶುಗರ್ ಇರುವವರು ಮೊದಲ ವಾರಕ್ಕೂ ಮುಂಚೆ ಡಾಕ್ಟರರಿಗೆ ತೋರಿಸಿ ಇಸಿಜಿ ಮಾಡಿಸಿಕೊಳ್ಳಿ.

ಇಳಿಜಾರು: ಎಲ್ಲರೂ ಮರೆಯುವ ಪಾಠ

ಮೊದಲ ಗುಡ್ಡದ ಅಲ್ಟ್ರಾದಲ್ಲಿ ಜನ ಬಿಟ್ಟುಕೊಡುವುದು ಏರಿಗೆ ಉಸಿರು ಸಾಲದೆ ಅಲ್ಲ, ಇಳಿಯಲು ತೊಡೆ ಸಾಲದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಆ ಹಿಗ್ಗುವ ದುಡಿಮೆಯಲ್ಲೇ ನಾರುಗಳಿಗೆ ಸಣ್ಣ ಸಣ್ಣ ಏಟು ಬೀಳುವುದು, ಮರುದಿನಕ್ಕಿಂತ ಮೂರನೇ ದಿನ ಹೆಚ್ಚು ನೋಯುವುದು. ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆದುಬಂದಿರುವ ಕಾಮ್ರೇಡ್ಸ್ ಓಟ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ ಸುಮಾರು 90 ಕಿ.ಮೀ.; ಸಾಮಾನ್ಯವಾಗಿ ಒಂದು ವರ್ಷ ಏರುಮುಖವಾಗಿ, ಮರುವರ್ಷ ಇಳಿಮುಖವಾಗಿ ಓಡಿಸುತ್ತಾರೆ. ಅಲ್ಲಿ ಓಡಿದವರನ್ನು ಕೇಳಿದರೆ ಇಳಿಮುಖದ ವರ್ಷದ ತೊಡೆನೋವಿನ ಕಥೆಗಳೇ ಹೆಚ್ಚು.

ಇದಕ್ಕೆ ಮದ್ದೂ ಅದರಲ್ಲೇ ಇದೆ. ಒಮ್ಮೆ ಚೆನ್ನಾಗಿ ಇಳಿದು ನೋವು ತಿಂದ ಸ್ನಾಯುವಿಗೆ ಮುಂದಿನ ಕೆಲವು ವಾರ ಅದೇ ಇಳಿತದಿಂದ ಅಷ್ಟು ಪೆಟ್ಟಾಗುವುದಿಲ್ಲ. ಹಾಗಾಗಿ ಎರಡು ವಾರಕ್ಕೊಮ್ಮೆ ಇಳಿಯುವ ಅಭ್ಯಾಸ ಇಟ್ಟುಕೊಳ್ಳಿ. ಮೊದಲ ಸಲ ಒಟ್ಟು 300 ಮೀಟರ್ ಇಳಿತ, ಆಮೇಲೆ 500, 700, ಓಟಕ್ಕೆ ಮೂರು ವಾರ ಇರುವಾಗ 1000. ಹೆಜ್ಜೆ ಚಿಕ್ಕದು, ಬೇಗ ಬೇಗ. ಪಾದ ಮೈಯ ಕೆಳಗೇ ಬೀಳಬೇಕು, ಮುಂದೆ ಚಾಚಬಾರದು. ಹಿಂದಕ್ಕೆ ವಾಲಿ ಹಿಮ್ಮಡಿ ಊರಿ ಇಳಿಯುವವರೇ ಮೊದಲು ಜಾರುವುದು, ಮಂಡಿ ಕೆಡಿಸಿಕೊಳ್ಳುವುದೂ ಅವರೇ.

ಎಲ್ಲಿ ಓಡುವುದು

ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಡಾಂಬರು ಏರು. ತುದಿ 1276 ಮೀಟರ್. ಒಂದೇ ಸಮನೆ ಏರಿ ಅದೇ ದಾರಿಯಲ್ಲಿ ಇಳಿಯಲು ಜಿಲ್ಲೆಯಲ್ಲಿ ಇದಕ್ಕಿಂತ ಅನುಕೂಲದ ರಸ್ತೆ ಕಡಿಮೆ. ಬೆಳಿಗ್ಗೆ ಬೇಗ ಮುಗಿಸಿಬಿಟ್ಟರೆ ವಾಹನವೂ ಕಡಿಮೆ. ತಡಿಯಂಡಮೋಳ್ 1748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತುವ ದಾರಿ ಕಡಿದು, ಕಲ್ಲು. ಅರಣ್ಯ ಇಲಾಖೆಯ ಅನುಮತಿ, ಸಮಯದ ಕಟ್ಟುಪಾಡು ಇರುವುದರಿಂದ ತಿಂಗಳಿಗೊಂದು ಸಲದ ಇಳಿತದ ಅಭ್ಯಾಸಕ್ಕೆ ಸರಿ, ವಾರದ ಓಟಕ್ಕೆ ಅಲ್ಲ. ಮಾಂದಲಪಟ್ಟಿ ರಸ್ತೆಯಲ್ಲಿ ಪ್ರವಾಸಿ ಜೀಪುಗಳ ಸಾಲು. ರಜಾದಿನ ಬೇಡವೇ ಬೇಡ.

ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿ.ಮೀ. ಇಳಿಮುಖ ನೋಡಿ ಆಸೆಪಡುವವರಿದ್ದಾರೆ. ಅದು ರಾಷ್ಟ್ರೀಯ ಹೆದ್ದಾರಿ 275, ತಿರುವಿನ ರಸ್ತೆ, ಓಡಲು ಬದಿಯೇ ಇಲ್ಲದ ಕಡೆಗಳು ಬಹಳ, ಮೇಲೆ ಮಂಜು. ಬೇಡ. ಕುಶಾಲನಗರ ತಲುಪಿ ಹಾರಂಗಿ ಕಡೆ ಓಡಿದರೆ ಸಮತಟ್ಟು, ಮಳೆಯೂ ಮಡಿಕೇರಿಗಿಂತ ಬಹಳ ಕಡಿಮೆ. ಯಾವ ರಸ್ತೆಯಾದರೂ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಿ.

ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಸುತ್ತಿನ ಗದ್ದೆ-ತೋಟದ ಒಳರಸ್ತೆಗಳು ವಾರದ ನಡುವಿನ ಓಟಕ್ಕೆ ಬಲು ಚೆಂದ. ಆದರೆ ತಿತಿಮತಿ, ಮಾಲ್ದಾರೆ, ಸಿದ್ದಾಪುರ ಕಡೆ ಆನೆಗಳದ್ದೇ ರಾಜ್ಯಭಾರ. ಅಲ್ಲಿ ಬೆಳಕು ಪೂರ್ತಿ ಹರಿಯುವ ಮುನ್ನ, ಸಂಜೆ ಐದೂವರೆಯ ಮೇಲೆ ಓಡಬಾರದು, ಕಿವಿಗೆ ಇಯರ್‌ಫೋನ್ ಕೂಡದು, ಒಬ್ಬರೇ ಹೋಗಬಾರದು. ಹೊರಡುವ ಮುನ್ನ ಲೈನ್‌ಮನೆಯವರನ್ನೋ ತೋಟದ ರೈಟರನ್ನೋ ಕೇಳಿ, ರಾತ್ರಿ ಆನೆ ಯಾವ ಕಡೆ ಬಂದಿತ್ತೆಂದು ಅವರಿಗೆ ಗೊತ್ತಿರುತ್ತದೆ. ದಾರಿಯಲ್ಲಿ ಹಸಿ ಲದ್ದಿ, ಮುರಿದ ಬೈನೆ ಮರ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಖಾಸಗಿ ತೋಟದೊಳಗೆ ಓಡಲು ಮಾಲೀಕರ ಒಪ್ಪಿಗೆ ಮೊದಲೇ ಪಡೆಯಿರಿ, ನಾಯಿ ಕಟ್ಟಿಹಾಕುವ ಹೊತ್ತನ್ನೂ ಕೇಳಿಟ್ಟುಕೊಳ್ಳಿ.

ಜೆಲ್ಲೋ, ಕಡಂಬುಟ್ಟೋ

60 ಕೆ.ಜಿ. ತೂಗುವವರಿಗೆ ಒಂದು ಕಿಲೋಮೀಟರ್ ಓಟಕ್ಕೆ ಸುಮಾರು 60 ಕ್ಯಾಲೊರಿ, 50ಕ್ಕೆ 3000. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಹೆಚ್ಚೆಂದರೆ 2000 ಕ್ಯಾಲೊರಿ ಆಸುಪಾಸು. ಕೊಬ್ಬು ಕರಗಿ ಒಂದಷ್ಟು ಬರುತ್ತದೆ, ಉಳಿದದ್ದು ದಾರಿಯಲ್ಲಿ ತಿನ್ನಬೇಕು: ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್.

ಒಂದು ಜೆಲ್‌ನಲ್ಲಿ (ಪುಟ್ಟ ಪೊಟ್ಟಣದಲ್ಲಿ ಬರುವ ಸಕ್ಕರೆಪಾಕದಂಥದ್ದು) 20ರಿಂದ 25 ಗ್ರಾಂ. ಹಿಡಿಯಲು ಸುಲಭ, ಅಗಿಯಬೇಕಿಲ್ಲ, ದುಬಾರಿ. ನಾಲ್ಕನೇ ಗಂಟೆಗೆ ಆ ಸಿಹಿ ಕಂಡರೆ ವಾಕರಿಕೆ. ಅದೇ 25 ಗ್ರಾಂ ಎರಡು ಏಲಕ್ಕಿ ಬಾಳೆಹಣ್ಣಿನಲ್ಲೂ ಇದೆ. ಒಂದು ದೊಡ್ಡ ಚಮಚ ಜೇನಿನಲ್ಲಿ 17 ಗ್ರಾಂ. ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇರುವುದರಿಂದ ಅದು ಕರುಳಿಗೆ ಬೇಗ ಹತ್ತುತ್ತದೆ, ಮೇಲೊಂದು ಗುಟುಕು ನೀರು ಬೇಕು. ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ 100 ಗ್ರಾಂಗೆ 17ರಿಂದ 20 ಗ್ರಾಂ. 50 ಗ್ರಾಂ ತೂಗುವ ಒಂದು ಕಡಂಬುಟ್ಟಿನಲ್ಲಿ (ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆ) 12ರಿಂದ 15 ಗ್ರಾಂ. ಮೆತ್ತಗಿದೆ, ಖಾರ ಹುಳಿ ಇಲ್ಲ, ಸಿಹಿ ಬೇಸರವಾದ ನಾಲಿಗೆಗೆ ಅಮೃತ. ಮಾಡಿದ ದಿನವೇ ತಿನ್ನಬೇಕು, ಪ್ಲಾಸ್ಟಿಕ್‌ನಲ್ಲಿ ಬಿಸಿಬಿಸಿ ಕಟ್ಟಿದರೆ ಹಳಸುತ್ತದೆ. ಮೊದಲ ನಾಲ್ಕು ಗಂಟೆ ಊಟದಂಥ ಆಹಾರ, ಕೊನೆಗೆ ಅಗಿಯಲಾರದಾದಾಗ ಜೆಲ್ ಅಥವಾ ಜೇನು, ನಡುವೆಲ್ಲಾದರೂ ಬೆಲ್ಲದ ಕಾಫಿ. ಹಿಂದಿನ ರಾತ್ರಿ ಅನ್ನ, ತಿಳಿಸಾರು. ಪಂದಿ ಕರಿ ಓಟ ಮುಗಿದ ಮೇಲೆ.

ಯಾವುದನ್ನೇ ಆರಿಸಿ, ಕನಿಷ್ಠ ಎಂಟು ವಾರ ಉದ್ದ ಓಟಗಳಲ್ಲಿ ಅದನ್ನೇ ತಿಂದು ಹೊಟ್ಟೆಗೆ ರೂಢಿ ಮಾಡಿಸಿ.

ನೀರು ಗಂಟೆಗೆ 400ರಿಂದ 700 ಮಿ.ಲೀ., ಬಾಯಾರಿಕೆ ನೋಡಿಕೊಂಡು. ಒ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಗಟ್ಟಿ ಮಾಡಿದರೆ ಹೊಟ್ಟೆ ಕೆಡುತ್ತದೆ. ಕಡಿಮೆ ಕುಡಿದು ಬೀಳುವವರ ಬಗ್ಗೆ ಎಲ್ಲರಿಗೂ ಗೊತ್ತು, ಹೆಚ್ಚು ಕುಡಿದು ಬೀಳುವುದು ಅದಕ್ಕಿಂತ ಅಪಾಯ. ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ: ಬೆರಳು ಊದಿ ಉಂಗುರ ಬಿಗಿಯಾಗುತ್ತದೆ, ತಲೆನೋವು, ವಾಂತಿ, ಮಾತು ತೊದಲು. ಆಗ ಇನ್ನಷ್ಟು ನೀರು ಕುಡಿಸುವುದು ತಪ್ಪು, ವೈದ್ಯಕೀಯ ತಂಡಕ್ಕೆ ಒಪ್ಪಿಸಬೇಕು. ಓಟದ ದಿನ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಬೇಡಿ, ನೀರಿಳಿದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಓಟ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಶೂ ಮತ್ತು ಉಳಿದ ಸಾಮಾನು

ರಸ್ತೆ ಶೂ ಒಣ ಮಣ್ಣಿನಲ್ಲೂ ನಡೆಯುತ್ತದೆ, ಮಣ್ಣುದಾರಿಗೆಂದೇ ಮಾಡಿದ ಟ್ರೇಲ್ ಶೂ ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಆದರೆ ಮಳೆಗಾಲದ ಕೆಮ್ಮಣ್ಣಿಗೆ 4ರಿಂದ 5 ಮಿ.ಮೀ. ಹಲ್ಲಿನ ಟ್ರೇಲ್ ಶೂಗೆ ಬದಲಿ ಇಲ್ಲ. ಅರ್ಧ ಸೈಜ್ ದೊಡ್ಡದು ಕೊಳ್ಳಿ. ಗಂಟೆಗಳು ಕಳೆದಂತೆ ಪಾದ ಊದುತ್ತದೆ, ಇಳಿಯುವಾಗ ಹೆಬ್ಬೆರಳು ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಏಡ್ ಸ್ಟೇಷನ್‌ಗಳು ಎಂಟು ಕಿಲೋಮೀಟರಿಗಿಂತ ದೂರವಿದ್ದರೆ ಒಂದೂವರೆ ಲೀಟರ್ ನೀರು ಹಿಡಿಸುವ ವೆಸ್ಟ್ (ಮೈಗೆ ತೊಡುವ ಚೀಲ), ಇಲ್ಲವಾದರೆ ಸೊಂಟದ ಪಟ್ಟಿ ಸಾಕು. ತೊಡೆಸಂದು, ಕಂಕುಳಿಗೆ ವ್ಯಾಸಲೀನ್. ಕೊಬ್ಬರಿ ಎಣ್ಣೆ ಬೇಗ ಇಳಿದುಹೋಗುತ್ತದೆ. ಜಿಗಣೆಗೆ ಉದ್ದ ಕಾಲುಚೀಲ, ಚಿಕ್ಕ ಬಟ್ಟೆಗಂಟಿನಲ್ಲಿ ಉಪ್ಪು. ಕಚ್ಚಿದ ಮೇಲೆ ರಕ್ತ ತುಸು ಹೊತ್ತು ಹರಿದೇ ಹರಿಯುತ್ತದೆ, ಅದಕ್ಕಾಗಿ ನಿಲ್ಲಬೇಕಿಲ್ಲ.

14ನೇ ವಾರದ ಪರೀಕ್ಷೆ

ಆರಿಸಿದ ಓಟ ಸರಿಯೋ ಎಂದು ತೀರ್ಮಾನಿಸಲು 14ನೇ ವಾರದವರೆಗೆ ಅವಕಾಶವಿದೆ. ಆ ಶನಿವಾರ, ಓಟದ ನೆಲವನ್ನೇ ಹೋಲುವ ದಾರಿಯಲ್ಲಿ ಮೂರೂವರೆ ಗಂಟೆ ಓಡಿ. ಗುಡ್ಡದ ಓಟವಾದರೆ ಅದರಲ್ಲಿ ಕನಿಷ್ಠ 500 ಮೀಟರ್ ಏರು, ಅಷ್ಟೇ ಇಳಿವು ಇರಲಿ. ಗಂಟೆಗೆ 40 ಗ್ರಾಂ ತಿಂದು ಹೊಟ್ಟೆ ಸುಮ್ಮನಿದ್ದರೆ, ಭಾನುವಾರ ಕಂಬಿ ಹಿಡಿಯದೆ ಮೆಟ್ಟಿಲು ಇಳಿದು ಒಂದು ಗಂಟೆ ಸಲೀಸಾಗಿ ಓಡಲಾದರೆ, ಯೋಜನೆ ಮುಂದುವರಿಸಿ. ಹೊಟ್ಟೆ ಮಾತ್ರ ಕೈಕೊಟ್ಟಿದ್ದರೆ ಓಟ ಬದಲಿಸಬೇಡಿ, ಆಹಾರ ಬದಲಿಸಿ. ತೊಡೆ ಕೈಕೊಟ್ಟಿದ್ದರೆ ಮೂರು ಇಳಿತದ ಅಭ್ಯಾಸ ಮಾಡಿ 18ನೇ ವಾರ ಇನ್ನೊಮ್ಮೆ ನೋಡಿ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ಮೂಳೆನೋವು ಇದ್ದರೆ, ನಡೆಯುವಾಗಲೂ ಅದು ಬಿಡದಿದ್ದರೆ, ಈ ಸಲದ ಓಟ ಬಿಟ್ಟು ಡಾಕ್ಟರರ ಬಳಿ ಹೋಗಿ. ಇವ್ಯಾವೂ ಅಲ್ಲ, ಉದ್ದ ಓಟಗಳಿಗೆ ಹೊತ್ತೇ ಸಿಗುತ್ತಿಲ್ಲ ಎಂದಾದರೆ ಗುಡ್ಡದ 50ರಿಂದ 12 ಗಂಟೆಯ ಓಟಕ್ಕೆ ಬದಲಾಯಿಸಿಕೊಳ್ಳಿ. ನೋಂದಣಿ ಬದಲಿಸಲು ಕೊನೆಯ ದಿನಾಂಕ ಯಾವುದೆಂದು ಹಣ ಕಟ್ಟುವ ದಿನವೇ ಬರೆದಿಟ್ಟುಕೊಂಡಿರಬೇಕು.